ಒಂದು ಮೀಟರಿನ ಲಿಫ್ಟು

ಬಿಷ್ಕೆಕ್‌ನ ನಮ್ಮ ಕಚೇರಿಯಲ್ಲಿ ಕಟ್ಟಡಗಳ ಅಂದಾಜುಪಟ್ಟಿಗೆ ಬುರುಲಕ್ಕನ ಸಹಿ ಬೀಳದೆ ಟೆಂಡರ್ ಹೋಗದು. ಹನ್ನೆರಡು ಮಹಡಿಯ ಹೊಸ ಕಟ್ಟಡಕ್ಕೆ ನಿರ್ದೇಶಕ ಎರ್ಮೆಕ್, ಹಳೆಯ ಒಂಬತ್ತು ಮಹಡಿಯದರ ಲಿಫ್ಟಿನ ಪುಟವನ್ನೇ ನಕಲು ಮಾಡಿ ತಂದಿದ್ದ. ಒಂದೇ ಲಿಫ್ಟು, ಒಳಗೆ ಒಂದೇ ಮೀಟರ್ ಉದ್ದ.

"ಐದು ಜನ ಆರಾಮಾಗಿ ನಿಲ್ತಾರಕ್ಕ. ಸಹಿ ಹಾಕಿ."

"ನಿಲ್ಲೋಕಾಗ್ದೋರು? ಎದೆ ಹಿಡ್ಕೊಂಡು ಬಿದ್ದೋರನ್ನ ಜಮಖಾನದ ಥರ ಸುತ್ತಿ ನಿಲ್ಲಿಸ್ತೀಯಾ?"

ಬುರುಲಕ್ಕ ನೆಲದ ಮೇಲೆ ಸೀಮೆಸುಣ್ಣದಿಂದ ಅದೇ ಅಳತೆಯ ಚೌಕ ಎಳೆದರು. "ಬಾರಪ್ಪ ದೊಡ್ಡಮನುಷ್ಯ, ಮಲಗು."

ಎಲ್ಲರೆದುರು ಆತ ಮಲಗಿದ. ಮೊಣಕಾಲು ಗದ್ದಕ್ಕೆ ತಾಗಿದರೂ ಬೂಟು ಗೆರೆಯಾಚೆಯೇ ಉಳಿಯಿತು.

"ಇಷ್ಟೂ ತಿಳೀದೆ ನಿರ್ದೇಶಕನಂತೆ!"

ಎರ್ಮೆಕ್ ಸೂಟು ಕೊಡವಿಕೊಂಡು ಎದ್ದ. "ಎಷ್ಟು ಬರೀಲಿ?"

"ಎರಡು ಮೀಟರ್ ಹತ್ತು ಸೆಂಟಿ. ಸ್ಟ್ರೆಚರ್ ಹಿಡಿಸ್ಬೇಕು. ನೀನೇ ಬರಿ, ನಕಲು ಮಾಡ್ಬೇಡ. ಆಮೇಲೆ ಸಹಿ."