ಮೇಷ್ಟ್ರ ಹಳೇ ಡಿಸ್ಕು

ಹೊಸ ಡಿಸ್ಕು, ಹೊಸ ಮೆಮೊರಿ ಹಾಕಿಹೋದ ಮೂರನೇ ದಿನವೇ ಮೇಷ್ಟ್ರ ಹೆಂಡತಿ ರಿಪೇರಿಯವನಿಗೆ ಫೋನ್ ಮಾಡಿದರು. ಕಂಪ್ಯೂಟರು ಮೊದಲಿಗಿಂತ ನಿಧಾನವಾಗಿದೆ, ಒಂದು ಫೈಲು ತೆರೆಯುವಷ್ಟರಲ್ಲಿ ಒಂದು ಬಕೆಟ್ ಬಟ್ಟೆ ಒಣಹಾಕಿ ಬರಬಹುದು ಅಂದರು.

ಮೇಷ್ಟ್ರು ಅವನಿಗೆ ಬರೀ ಗಿರಾಕಿಯಲ್ಲ. ಶಾಲೆಯಲ್ಲಿ ಲೆಕ್ಕ ಕಲಿಸಿದವರು. ಪಾಠದ ನಡುವೆ ಗಡಿಯಾರ ಬಿಚ್ಚುತ್ತಾ ಸಿಕ್ಕಿಬಿದ್ದ ಅವನಿಗೆ ‘ಸ್ಕ್ರೂ’ ಅಂತ ಹೆಸರಿಟ್ಟವರೂ ಅವರೇ. ನಿವೃತ್ತಿಯಾದ ಮೇಲೆ ಕಣ್ಣು ಕಾಣದ ಮಕ್ಕಳಿಗಾಗಿ ಗಣಿತದ ಪುಸ್ತಕವೊಂದನ್ನು ಓದಿ ರೆಕಾರ್ಡ್ ಮಾಡಲು ಕೂತಿದ್ದರು. ಅದರ ಒಂಬತ್ತೂ ಅಧ್ಯಾಯ ಮುಗಿಯುವ ಹೊತ್ತಿಗೆ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಈಗ ಹೇಳಬೇಕಾದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಾರೆ. ರೆಕಾರ್ಡಿಂಗಿನ ಕೆಮ್ಮು, ತಡವರಿಕೆ ಕತ್ತರಿಸಿ ಆ ಮಕ್ಕಳ ಶಾಲೆಗೆ ಕಳಿಸುವುದೊಂದೇ ಅವರಿಗೆ ಉಳಿದಿದ್ದ ಕೆಲಸ. ಅದಕ್ಕೆಂದೇ ಮಷೀನು ಚುರುಕಾಗಲಿ ಅಂತ ಅವನನ್ನು ಕರೆಸಿದ್ದು.

ಅವನು ಬಂದು ಮುಚ್ಚಳ ತೆಗೆದ. ಮೆಮೊರಿ ಕಿತ್ತು ಮತ್ತೆ ಕೂರಿಸಿದ. ಫ್ಯಾನಿನ ಧೂಳು ಊದಿದ, ವೈರಸ್ ಹುಡುಕಿಸಿದ, ಕೇಬಲ್ ಬದಲಿಸಿದ. ಏನೂ ಸುಧಾರಿಸಲಿಲ್ಲ. ಕೊನೆಗೆ, ರೆಕಾರ್ಡಿಂಗ್ ಇದೆಯೆಂದು ಒಳಗೇ ಬಿಟ್ಟಿದ್ದ ಹಳೇ ಡಿಸ್ಕಿನ ಕೇಬಲ್ ಎಳೆದ. ಅದಿಲ್ಲದೆ ಕಂಪ್ಯೂಟರು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಶುರುವಾಯಿತು. ಮತ್ತೆ ಸಿಕ್ಕಿಸಿದಾಗ ಡಿಸ್ಕು ಟಿಕ್ ಟಿಕ್ ಅಂದಿತು. ಅದು ಉತ್ತರ ಕೊಡಲೆಂದು ಇಡೀ ಮಷೀನು ಕಾಯುತ್ತಾ ನಿಂತುಬಿಡುತ್ತಿತ್ತು.

ಹೊಸದನ್ನು ಹಾಕಿದ ದಿನ ಈ ಹಳೇ ಡಿಸ್ಕು ಅವನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎತ್ತಿ ಜೋಡಿಸಿದಾಗ ಕೆಲಸ ಮಾಡಿತ್ತು, ಅವನೂ ಬಾಯಿ ಮುಚ್ಚಿಕೊಂಡು ಹೋಗಿದ್ದ.

ಡಿಸ್ಕು ಹಳೇದಾಗಿದೆ, ತೆಗೆದುಕೊಂಡು ಹೋಗಿ ನೋಡುತ್ತೇನೆ ಅಂದ. ಇನ್ನೊಂದು ಕಾಪಿ ಇದೆಯಾ ಅಂತ ಕೇಳಿದಾಗ ಮೇಷ್ಟ್ರು ಇಲ್ಲವೆಂದು ತಲೆ ಅಲ್ಲಾಡಿಸಿದರು. ನಾಲ್ಕು ದಿನ ಅಂಗಡಿಯಲ್ಲಿ ಅದರ ಮುಂದೆ ಕೂತ. ಆರು ಅಧ್ಯಾಯ ಸಿಕ್ಕಿತು. ಉಳಿದದ್ದಕ್ಕೆ, ಸತ್ತ ಡಿಸ್ಕು ತೆರೆಯುವುದೇ ಕೆಲಸವಾಗಿದ್ದವರ ಬಳಿ ಒಯ್ದ. ಡಿಸ್ಕಿನೊಳಗೆ ತಿರುಗುವ ತಟ್ಟೆಗೆ ಗೀರು ಬಿದ್ದಿದೆ, ಇನ್ನು ಆಸೆ ಬೇಡ ಅಂದರು.

ಮೇಷ್ಟ್ರ ಮುಂದೆ ಹಾಗೇ ಹೇಳಿದ. ಅವರು ನಿಧಾನವಾಗಿ ಬರೆದರು: ‘ವಯಸ್ಸಾದ ಮೇಲೆ ಎಲ್ಲಾ ಕೆಡುತ್ತೆ. ನೀನೇನು ಮಾಡ್ತೀಯ.’

ಅವನಿಗೆ ಅಲ್ಲಿ ಕೂರಲಾಗಲಿಲ್ಲ, ಏಳಲೂ ಆಗಲಿಲ್ಲ.

“ಮೇಷ್ಟ್ರೇ, ಅದು ತಾನಾಗಿ ಕೆಟ್ಟಿದ್ದಲ್ಲ. ಅವತ್ತು ನನ್ನ ಕೈಜಾರಿ ಬಿತ್ತು. ನಾನು ಹೇಳಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಅಲ್ಲೇ ಕುರ್ಚಿಯ ಮೇಲೆ ಕೂತರು. ಮೇಷ್ಟ್ರು ಬರೆದು ಅವನ ಕಡೆ ತಿರುಗಿಸಿದರು: ‘ಅವತ್ತೇ ಹೇಳಿದ್ದರೆ?’

“ಅವತ್ತೇ ಕಾಪಿ ಮಾಡಿದ್ದಿದ್ರೆ... ಬಹುಶಃ ಎಲ್ಲಾ ಸಿಗ್ತಿತ್ತು.”

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿ ನೋಟ್‌ಬುಕ್ ಮಡಚಿಟ್ಟರು. ಅಷ್ಟೇ. ಅವನಿಗೆ ಬೈಗುಳವನ್ನಾದರೂ ಕೇಳುವ ಆಸೆಯಾಯಿತು.

ಎರಡು ವಾರ ಅವನು ಆ ಬೀದಿಯನ್ನೇ ತಪ್ಪಿಸಿ ಓಡಾಡಿದ. ಆಮೇಲೆ ಮೇಷ್ಟ್ರ ಹೆಂಡತಿಯೇ ಫೋನ್ ಮಾಡಿದರು: ಕಳೆದುಹೋದ ಮೂರು ಅಧ್ಯಾಯ ನಾನು ಓದುತ್ತೇನೆ, ಮೈಕು ಜೋಡಿಸಿಕೊಡು ತಮ್ಮಾ ಅಂದರು. ಇದಕ್ಕೆ ಮೇಷ್ಟ್ರು ಒಪ್ಪಿದರಾ ಅಂತ ಅವನು ಕೇಳಿದ. ಒಪ್ಪಿದ್ದಾರೋ ಇಲ್ಲವೋ, ಪುಸ್ತಕವನ್ನಂತೂ ತೆಗೆದು ನನ್ನ ಮುಂದಿಟ್ಟಿದ್ದಾರೆ ಅಂದರು.

ಹೋಗಿ ಮೈಕು ಜೋಡಿಸಿದ. ಮೇಷ್ಟ್ರು ಅವನ ಕಡೆ ನೋಡಲಿಲ್ಲ. ಅವರ ಹೆಂಡತಿ ತ್ರಿಕೋನಗಳ ಅಧ್ಯಾಯ ಓದಲು ಶುರು ಮಾಡಿದರು. ಲೆಕ್ಕ ಗೊತ್ತಿಲ್ಲದವರ ಓದು, ಸಾಲು ಸಾಲಿಗೂ ಎಡವುತ್ತಿದ್ದರು. ತಪ್ಪಿದಾಗಲೆಲ್ಲ ಮೇಷ್ಟ್ರು ಬೆರಳಿನಿಂದ ಮೇಜು ಕುಟ್ಟುವರು, ಅವರು ಹಿಂದೆ ಹೋಗಿ ಮತ್ತೆ ಓದುವರು. ಓದುವವರ ಜೊತೆ ಮೇಷ್ಟ್ರ ತುಟಿಯೂ ಸದ್ದಿಲ್ಲದೆ ಅಲ್ಲಾಡುತ್ತಿತ್ತು.

ಅದನ್ನು ನೋಡಲಾರದೆ ಅವನು ಚೀಲ ಹೆಗಲಿಗೇರಿಸಿ ಬಾಗಿಲಿನತ್ತ ನಡೆದ. ಹೆಜ್ಜೆ ಸಪ್ಪಳಕ್ಕೆ ಮೇಷ್ಟ್ರು ತಿರುಗದೆಯೇ ಕೈಯೆತ್ತಿ ತಡೆದರು. ರೆಕಾರ್ಡ್ ಆಗುತ್ತಿತ್ತು. ಅಧ್ಯಾಯ ಮುಗಿಯುವವರೆಗೂ ಅವನು ಚೀಲ ಹೊತ್ತುಕೊಂಡು ನಿಂತೇ ಇದ್ದ.