ಕುರಿ ಮುಟ್ಟದವನ ಪ್ರಬಂಧ

ಬಂಡೂರು ಕುರಿಯ ಸ್ನಾಯುಕೋಶಗಳ ಮೇಲೆ ಅಕ್ಸಾ ನಾಲ್ಕು ವರ್ಷ ಮಾಡಿದ ಕೆಲಸ ಪ್ರಬಂಧವಾಗಿ ಅಚ್ಚಾಯಿತು. ಅದರಲ್ಲಿ ಅಕ್ಸಾಳ ಹೆಸರು ಇರಲಿಲ್ಲ.

ಮೊದಲ ಹೆಸರು ಶ್ರೀಕರನದು, ಕೊನೆಯದು ಅವಳ ಗೈಡ್ ಚಲುವನಾರಾಯಣರದು. ಶ್ರೀಕರ ಅವರ ತಂಗಿಯ ಮಗ. ಮಂಡ್ಯದ ಆ ಲ್ಯಾಬಿಗೆ ಅವನು ಕಾಲಿಟ್ಟದ್ದು ಎರಡೇ ಸಲ. ಒಮ್ಮೆ ಆಯುಧಪೂಜೆಯ ದಿನ ಮೈಕ್ರೋಸ್ಕೋಪಿಗೆ ಕುಂಕುಮ ಇಡಲು, ಇನ್ನೊಮ್ಮೆ ಅವತ್ತು ಮರೆತಿದ್ದ ಚಾರ್ಜರ್ ಒಯ್ಯಲು. ವಾರವಾರವೂ ಮುಂಜಾನೆ ಮಳವಳ್ಳಿಯ ಮಟನ್ ಅಂಗಡಿ ಮುಂದೆ ಐಸಿನ ಡಬ್ಬ ಹಿಡಿದು ನಿಂತು, ಆಗಷ್ಟೇ ಕೊಯ್ದ ಕುರಿಯ ತೊಡೆಯ ತುಂಡನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದವಳು ಗುತ್ತಲಿನ ಮೆಕ್ಯಾನಿಕ್ ಅಜ್ಮತ್‌ನ ಮಗಳು ಅಕ್ಸಾ. ಬಂಡೂರು ಮಟನ್ ಅಷ್ಟು ಮೆತ್ತಗೇಕೆ, ಸ್ನಾಯುಗಳ ನಡುವೆ ಕೊಬ್ಬು ಹೇಗೆ ಕೂರುತ್ತದೆ ಎಂಬುದನ್ನು ಗಾಜಿನ ತಟ್ಟೆಯಲ್ಲಿ ಕೋಶ ಬೆಳೆಸಿ ತೋರಿಸಿದವಳೂ ಅವಳೇ.

"ಮುಂದಿನ ಪೇಪರ್‌ನಲ್ಲಿ ನಿನ್ನ ಹೆಸರು ಹಾಕೋಣಮ್ಮ," ಎಂದರು ಚಲುವನಾರಾಯಣ. "ಅವನಿಗೆ ಇಂಟರ್‌ವ್ಯೂ ಇದೆ. ನಿನಗೇನು ಅವಸರ?"

ಅವಳ ಥೀಸಿಸ್ ಸಹಿಗಾಗಿ ಅವರ ಮೇಜಿನ ಮೇಲೇ ಬಿದ್ದಿತ್ತು. ಆ ಸಹಿ ಇಲ್ಲದೆ ಡಾಕ್ಟರೇಟ್ ಇಲ್ಲ. ಅಕ್ಸಾ ಐಸಿನ ಡಬ್ಬ ಎತ್ತಿಕೊಂಡು ಲ್ಯಾಬಿಗೆ ಹೋದಳು.

ವಿಜ್ಞಾನಿಯ ತೂಕ ನೋಡುವುದು ಅವನ ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಿದರು ಎಂಬುದರ ಮೇಲೆ. ಎಂಟು ತಿಂಗಳಲ್ಲಿ ಇದಕ್ಕೆ ನಲವತ್ತೊಂದು ಉಲ್ಲೇಖ ಬಂದವು. ವಿಭಾಗದಲ್ಲಿ ಮೈಸೂರುಪಾಕು ಹಂಚಿದರು. ಪವಾಡವೇನಲ್ಲ. ನಿನ್ನ ಗದ್ದೆಗೆ ನಾನು, ನನ್ನ ಗದ್ದೆಗೆ ನೀನು ಎಂದು ನಾಟಿಗೆ ಮುಯ್ಯಾಳು ಹೋಗುವ ಪದ್ಧತಿಯನ್ನು ಈ ಮಹನೀಯರು ವಿಜ್ಞಾನಕ್ಕೂ ತಂದಿದ್ದರು. ಈವತ್ತು ಮದ್ದೂರಿನ ಮೇಷ್ಟ್ರು ಮಂಡ್ಯದವರನ್ನು ಉಲ್ಲೇಖಿಸಿದರೆ ನಾಳೆ ಮಂಡ್ಯದವರು ಮದ್ದೂರಿನವರನ್ನು, ನಾಡಿದ್ದು ಇಬ್ಬರೂ ಸೇರಿ ಮಳವಳ್ಳಿಯವರನ್ನು. ಓದುವ ಕಷ್ಟ ಯಾರಿಗೂ ಇಲ್ಲ. ಮೀನಿನ ಕಿವಿರಿನ ಮೇಲಿನ ಪ್ರಬಂಧವೊಂದರಲ್ಲೂ ಬಂಡೂರು ಕುರಿ ನುಗ್ಗಿ ಮೇಯ್ದು ಹೋಗಿತ್ತು. ನಾಟಿಯಲ್ಲಾದರೂ ಸೊಂಟ ಬಗ್ಗಿಸಬೇಕು.

ತೊಂದರೆ ಬಂದದ್ದು, ಆ ಪ್ರಬಂಧವನ್ನು ಯಾರೋ ನಿಜವಾಗಿ ಓದಿಬಿಟ್ಟದ್ದರಿಂದ.

ಓದಿದವರು ಹೊರದೇಶದ ಒಬ್ಬ ವಿಜ್ಞಾನಿ. ಇದರಲ್ಲಿ ಬರೆದಂತೆಯೇ ನಾಲ್ಕು ಸಲ ಮಾಡಿದೆವು, ಕೋಶಗಳಲ್ಲಿ ಕೊಬ್ಬು ತುಂಬುತ್ತಲೇ ಇಲ್ಲ ಎಂದು ಆಕೆ ಪ್ರಬಂಧ ಅಚ್ಚು ಹಾಕಿದ ಪತ್ರಿಕೆಗೆ ದೂರಿದರು. ಪ್ರಯೋಗ ಮಾಡಿದವರ ನೋಟ್‌ಬುಕ್ ಕಳಿಸಿ ಎಂದು ಪತ್ರಿಕೆಯವರು ಹತ್ತು ದಿನದ ಗಡುವು ಕೊಟ್ಟರು.

ಶ್ರೀಕರ ಮೂರನೆಯ ಸಲ ಲ್ಯಾಬಿಗೆ ಬಂದ, ಜೊತೆಗೆ ಚಲುವನಾರಾಯಣರೂ. ಅಕ್ಸಾ ಪ್ರಬಂಧವನ್ನೂ ತನ್ನ ನೋಟ್‌ಬುಕ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದಳು.

"ಕೋಶ ಬೆಳೆಸೋ ಶಾಖ ನಾನು ಮೂವತ್ತೊಂಬತ್ತು ಡಿಗ್ರಿ ಅಂತ ಬರೆದಿದ್ದೆ. ಇಲ್ಲಿ ಮೂವತ್ತೇಳು ಅಂತಿದೆ."

"ನಾನೇ ತಿದ್ದಿದ್ದು," ಎಂದ ಶ್ರೀಕರ. "ಮೂವತ್ತೊಂಬತ್ತು ಅಂದ್ರೆ ಜ್ವರ ಅಲ್ವಾ? ನೀನೇ ತಪ್ಪು ಬರ್ದಿದ್ದೀಯ ಅನ್ಕೊಂಡೆ."

ನೆಲ ಒರೆಸುತ್ತಿದ್ದ ಅಟೆಂಡರ್ ಪುಟ್ಟಸ್ವಾಮಿ ಸೊಂಟ ನೆಟ್ಟಗೆ ಮಾಡಿದ. ದುದ್ದ ಊರಿನವನು, ಮನೆಯಲ್ಲಿ ಆರು ಕುರಿ.

"ಜ್ವರ ನಿಂಗೆ ಕಣಪ್ಪೋ! ಕುರಿ ಮೈ ನಮ್ಗಿಂತ ಬಿಸಿ. ಒಂದ್ಸಲ ತಬ್ಕಂಡ್ ನೋಡು, ಗೊತ್ತಾಯ್ತದೆ. ಕುರಿ ಮ್ಯಾಲೆ ಬರ್ದಿದ್ದೀಯ, ಕುರೀನೇ ಮುಟ್ಟಿಲ್ವಲ್ಲೋ!"

"ಪುಟ್ಟಸ್ವಾಮಿ, ಆಚೆ ಹೋಗಿ ಒರೆಸು," ಚಲುವನಾರಾಯಣ ಗದರಿದರು.

"ಓಯ್ತೀನಿ ಬುಡಿ ಸಾ. ಆಚೇಗೂ ಕೇಳ್ತದೆ."

ಬಾಗಿಲು ಮುಚ್ಚಿ ಬಂದು ಚಲುವನಾರಾಯಣ ಹೊಸ ನೋಟ್‌ಬುಕ್ ಒಂದನ್ನು ಮೇಜಿನ ಮೇಲಿಟ್ಟರು. ರಟ್ಟಿನ ಮೇಲೆ ಶ್ರೀಕರನ ಹೆಸರು ಆಗಲೇ ಬಿದ್ದಿತ್ತು.

"ನಿನ್ನ ನೋಟ್‌ಬುಕ್ ಇವನಿಗೆ ಕೊಡು, ನೋಡ್ಕೊಂಡು ಇದರಲ್ಲಿ ಬರ್ಕೋತಾನೆ. ಪುಟದ ಕೆಳಗೆ ನೀನು ಸಾಕ್ಷಿ. ಇವನು ಪ್ರಯೋಗ ಮಾಡಿದ್ದನ್ನ ಕಣ್ಣಾರೆ ನೋಡಿದ್ದೇನೆ ಅಂತ ಒಂದೊಂದು ಸಹಿ ಹಾಕು. ಸಾಯಂಕಾಲದೊಳಗೆ ನಿನ್ನ ಥೀಸಿಸ್‌ಗೆ ನನ್ನ ಸಹಿ."

"ಹಾಕದಿದ್ರೆ ಸಾರ್?"

"ಪೇಪರ್ ಇವನ ಹೆಸರಲ್ಲಿದೆ. ನಿನ್ನ ಥೀಸಿಸ್ಸಲ್ಲೂ ಅದೇ ಇದೆ. ನೋಡಿದವರು ಕದ್ದವರು ಯಾರು ಅಂತಾರೆ? ಯೋಚನೆ ಮಾಡಮ್ಮ. ಆಮೇಲೆ ನಿಮ್ಮಪ್ಪನ ಗ್ಯಾರೇಜಲ್ಲಿ ಸ್ಪ್ಯಾನರ್ ಹಿಡೀಬೇಕಾಗುತ್ತೆ."

"ಅದನ್ನ ಹತ್ತು ವರ್ಷದವಳಿದ್ದಾಗ್ಲೇ ಹಿಡಿದಿದ್ದೀನಿ ಸಾರ್."

ಶ್ರೀಕರ ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿದ. ಅಕ್ಸಾ ತೆಗೆದುಕೊಳ್ಳಲಿಲ್ಲ.

"ನಾಲ್ಕು ವರ್ಷದಲ್ಲಿ ಇವರು ಪ್ರಯೋಗ ಮಾಡಿದ್ದನ್ನ ನಾನು ಒಂದಿನಾನೂ ನೋಡಿಲ್ಲ. ಸಹಿ ಹಾಕಲ್ಲ."

ಚಲುವನಾರಾಯಣ ಅವಳ ನೋಟ್‌ಬುಕ್ಕಿಗೆ ಕೈ ಹಾಕಿದರು. ಅದರ ಮೇಲೆ ಅವಳ ಮೊಣಕೈ ಇತ್ತು.

"ಇದನ್ನೂ ಕೊಡಲ್ಲ ಸಾರ್. ಪತ್ರಿಕೆಯವರು ಕೇಳಿರೋದು ಪ್ರಯೋಗ ಮಾಡಿದವರ ನೋಟ್‌ಬುಕ್."