ನೆಸ್ತೋರಿ ಅಜ್ಜನ ಒಳಗೆಳೆದ ‘ಯೋ’

ಅಜ್ಜನನ್ನು ಮಣ್ಣು ಮಾಡಿ ಬಂದಿದ್ದೆವು. ಚರ್ಚಿನ ಪಕ್ಕದ ಸಭಾಮನೆಯಲ್ಲಿ ಇನ್ನೂ ಕಾಫಿ ಬಗ್ಗಿಸಿರಲಿಲ್ಲ. ಅಷ್ಟರಲ್ಲೇ ರೌಹಾ ಅತ್ತೆ ನನ್ನ ತೋಳು ಹಿಡಿದಳು.

“ಇವತ್ತು ನಿನ್ನ ಕೋತಿಚೇಷ್ಟೆ ಬೇಡ. ಪಾದ್ರಿಗಳಿದ್ದಾರೆ. ಮಾಜಿ ಸೈನಿಕರ ಸಂಘದವರು ಬಾವುಟ ಹಿಡ್ಕೊಂಡು ಬಂದಿದ್ದಾರೆ. ನಮ್ಮಪ್ಪನ ಧ್ವನಿ ತೆಗೆದೆಯೋ, ಆಮೇಲೆ ನಿನ್ನ ಧ್ವನಿಯೇ ಇರಲ್ಲ, ನೋಡ್ಕೊ.”

“ಆಗಲಿ ಅತ್ತೆ,” ಎಂದೆ, ಪಾದ್ರಿಯ ಮೂಗುರಾಗದಲ್ಲಿ. ಅತ್ತೆ ತೋಳು ಚಿವುಟಿದಳು.

ಆದರೆ ಬೆಳಗ್ಗೆಯೇ ಹಿಲ್ಯಾ ಅಜ್ಜಿಗೆ ಮಾತು ಕೊಟ್ಟಾಗಿತ್ತು. ಅವಳ ಕಣ್ಣು ಮಂಜಾಗಿ ಆರು ವರ್ಷ. “ಎಲ್ಲರೂ ನಿನ್ನಜ್ಜನ ಫೋಟೋ ತಂದು ಮುಖಕ್ಕೆ ಹಿಡೀತಾರೆ. ಅದನ್ನ ಕಟ್ಕೊಂಡು ನಾನೇನು ಮಾಡ್ಲಿ? ನೀನು ಒಂದ್ಸಲ ಅವನ ‘ಯೋ’ ಕೇಳಿಸು ಮಗಾ, ಸಾಕು.”

ನಮ್ಮ ಹಿಮದ ನಾಡಿನಲ್ಲಿ ಹೌದು ಎನ್ನುವುದಕ್ಕೆ ‘ಯೋ’. ಅದನ್ನೂ ಎಷ್ಟೋ ಸಲ ಉಸಿರನ್ನು ಒಳಗೆಳೆದುಕೊಳ್ಳುತ್ತಲೇ ಹೇಳುತ್ತೇವೆ, ಒಪ್ಪಿಗೆಯ ಜೊತೆ ಮನೆಯ ಬಿಸಿಗಾಳಿಯೂ ಹೊರಗೆ ಹೋಗಬಾರದು ಎಂಬಂತೆ. ಅಜ್ಜನ ಮಾತಿನ ಹೊಲದಲ್ಲಂತೂ ಇದೊಂದೇ ಬೆಳೆ. ತೊಂಬತ್ತೇಳು ವರ್ಷ ಅದನ್ನೇ ಬೆಳೆದ.

ಹೂಹಾರಗಳ ರಿಬ್ಬನ್ನಿನ ಮೇಲೆ ಬರೆದ ವಿದಾಯದ ಮಾತುಗಳನ್ನು ಓದಿ ಮುಗಿಸಿದ ಮೇಲೆ ಪಕ್ಕದ ಹೊಲದ ಈಸಕ್ಕಿ ಎದ್ದು ನಿಂತ.

“ಚಳಿಗಾಲದ ಯುದ್ಧಕ್ಕೆ ಸೈನ್ಯದವರು ಕುದುರೆ ಕೇಳಿದ್ರು. ನೆಸ್ತೋರಿಗೆ ಆಗ ಹದಿನಾಲ್ಕು. ಮನೆ ಕುದುರೆ ಲೀನೂನ ಹಿಮದಲ್ಲಿ ಹತ್ತೊಂಬತ್ತು ಕಿಲೋಮೀಟರ್ ನಡೆಸ್ಕೊಂಡು ಸ್ಟೇಷನ್ನಿಗೆ ಹೋದ. ‘ಕೊಡ್ತೀಯೇನಯ್ಯಾ?’ ಅಂತ ಆಫೀಸರ್ ಕೇಳಿದ್ದಕ್ಕೆ ‘ಯೋ’. ಅಷ್ಟೇ. ವಾಪಸ್ ಬರೋ ದಾರೀಲಿ ಅತ್ನಂತೆ. ಅದನ್ನ ನನಗೆ ಹೇಳೋಕೆ ನಲವತ್ತು ವರ್ಷ ತಗೊಂಡ!”

ಸಭೆ ನಕ್ಕಿತು. ಗೊರಸಿನ ಮೇಲೆ ಸೈನ್ಯದವರು ಸುಟ್ಟು ಹಾಕಿದ ನಂಬರಿನೊಂದಿಗೆ ಲೀನು ಬದುಕಿ ಬಂತು. ನಾಲ್ಕು ವರ್ಷದ ಮೇಲೆ ಅಜ್ಜನೇ ಯುದ್ಧಕ್ಕೆ ಹೋದ. ಅವನೂ ಬಂದ, ಬಂದವನೇ ಜೌಗು ನೆಲಕ್ಕೆ ಕಾಲುವೆ ತೋಡಿ ರೈ ಧಾನ್ಯ ಬಿತ್ತಿದ, ಆರು ಮಕ್ಕಳನ್ನು ಬೆಳೆಸಿದ.

ಯಾರೂ ಕೇಳದೆ ರೌಹಾ ಅತ್ತೆಯೂ ಎದ್ದಳು. “ಆಲೂಗೆಡ್ಡೆ ಕೀಳೋ ಕಾಲ, ಮನೇಲಿ ಕೈ ಸಾಲದು. ಅಂಥ ಹೊತ್ತಲ್ಲಿ ‘ಅಪ್ಪಾ, ನಾನು ಓದೋಕೆ ಹೋಗ್ಲಾ?’ ಅಂದೆ. ಗುದ್ದಲಿ ಕೆಳಗಿಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ‘ಯೋ’ ಅಂದ. ಮಾರನೇ ದಿನ ನನ್ನ ಪೆಟ್ಟಿಗೆ ತಾನೇ ಹೊತ್ಕೊಂಡು ಬಸ್ಸಿಗೆ ಹಾಕಿದ.” ಅಷ್ಟು ಹೇಳಿ ಕೂತುಬಿಟ್ಟಳು.

ಆಗ ಅಜ್ಜಿ ಮುಖ ನನ್ನ ಕಡೆ ತಿರುಗಿಸಿ, ದಿನಾ ಅಡುಗೆಮನೆಯಿಂದ ಕೂಗುತ್ತಿದ್ದ ಹಾಗೆಯೇ ಕೂಗಿದಳು: “ನೆಸ್ತೋರೀ, ಹಸೂನ ಹಾಲು ಕರೆದಾಯ್ತಾ?”

ಪಾದ್ರಿಯ ಚಮಚ ನಿಂತಿತು. ಅತ್ತೆಯ ಕಡೆ ನೋಡಿದೆ. ಅವಳು ಬಟ್ಟಲಿನಿಂದ ತಲೆ ಎತ್ತಲಿಲ್ಲ. ಧೈರ್ಯ ಮಾಡಿ, ಗದ್ದ ಎದೆಗೆ ಒತ್ತಿಕೊಂಡು, ಉಸಿರೆಳೆದೆ: “ಯೋ.”

ಈಸಕ್ಕಿ ಬೆಚ್ಚಿ ಬಾಗಿಲ ಕಡೆ ನೋಡಿದ. ಅಜ್ಜಿ ಮಾತ್ರ ತಲೆಯಾಡಿಸಿದಳು.

“ಅಲ್ಲ. ಇದು ಆಫೀಸರ್‌ಗೆ ಹೇಳಿದ್ದು. ನನಗೆ ಹೇಳ್ತಿದ್ದದ್ದು ಬೇರೆ.”

ಮತ್ತೆ ಎಳೆದೆ.

“ಇದು ಈಸಕ್ಕಿಗೆ, ಟ್ರ್ಯಾಕ್ಟರ್ ಎರವಲು ಕೇಳಿದಾಗ.”

ಇಪ್ಪತ್ತು ವರ್ಷ ಅಜ್ಜನನ್ನು ಅಣಕಿಸಿದ್ದೆ, ಎಲ್ಲರನ್ನೂ ನಗಿಸಿದ್ದೆ. ಅಜ್ಜಿಗೆಂದೇ ಇದ್ದ ಆ ಒಂದು ‘ಯೋ’ ನನಗೆ ಗೊತ್ತೇ ಇರಲಿಲ್ಲ. ಇನ್ನು ಕೇಳೋಣವೆಂದರೆ ಅಜ್ಜನಿಲ್ಲ. ಮೂರನೆಯ ಸಲ ಬಾಯಿ ತೆರೆದೆ. ಅಳು ತಡೆಯಲು ಎಳೆದುಕೊಂಡ ಉಸಿರು ನಡುವೆ ಎರಡು ಕಡೆ ಮುರಿದು ಒಳಗೆ ಹೋಯಿತು.

ಅಜ್ಜಿ ಕಣ್ಣು ಮುಚ್ಚಿದಳು.

“ಹಾಂ,” ಎಂದಳು. “ಕೈ ತೊಳ್ಕೊಂಡು ಬಾ, ಕಾಫಿ ಆರ್ತಿದೆ.”

ಅತ್ತೆ ಮತ್ತೆ ನನ್ನ ತೋಳು ಹಿಡಿದಳು. ಈ ಸಲ ಚಿವುಟಲಿಲ್ಲ.